ಬೆಸೆಮರನ ಗಾಜು, ಆನ್ ಹೇಳಿದ ತಾರೀಖು

ಹೆನ್ರಿ ಬೆಸೆಮರ್ ಎಂದರೆ ಉಕ್ಕು. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಒಂದು ಸಾಲು, ಎಂಜಿನಿಯರಿಂಗಿನಲ್ಲಿ ಒಂದು ಚಿತ್ರ, ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ. ನಾನು ಎಂ.ಟೆಕ್‌ನಲ್ಲಿ ಪ್ರೊಡಕ್ಷನ್ ಎಂಜಿನಿಯರಿಂಗ್ ಓದಿ, ನನ್ನ ವಯಸ್ಸಿನ ಬಹಳಷ್ಟು ಜನರಂತೆ ಐಟಿಗೆ ಬಂದು ಪುಣೆಯಲ್ಲಿ ನೆಲೆಸಿದವಳು. ಆ ಮೊಟ್ಟೆಯಾಕಾರದ ಬೆಸೆಮರ್ ಕನ್ವರ್ಟರಿನ ಚಿತ್ರವನ್ನು ಈಗಲೂ ಕಣ್ಣು ಮುಚ್ಚಿಕೊಂಡು ಬಿಡಿಸಬಲ್ಲೆ. ಆದರೆ ಉಕ್ಕಿಗೆ ಕೈ ಹಾಕುವ ಮೊದಲು ಆ ಮನುಷ್ಯ ಗಾಜಿನ ಹಿಂದೆ ಬಿದ್ದಿದ್ದ, ಗಾಜಿನ ಹಾಳೆಯನ್ನು ಯಂತ್ರದಿಂದ ತೆಗೆಯುವುದು ಹೇಗೆ, ಅದನ್ನು ಉಜ್ಜಿ ಹೊಳಪು ಕೊಡುವುದು ಹೇಗೆ ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದ ಎಂಬುದನ್ನು ಯಾವ ಪಠ್ಯಪುಸ್ತಕವೂ ನನಗೆ ಹೇಳಲಿಲ್ಲ. ಅವನ ಬದುಕಿನ ಮುಖ್ಯ ತಿರುವುಗಳಲ್ಲಿ ಒಬ್ಬೊಬ್ಬ ಹೆಣ್ಣುಮಗಳು ನಿಂತಿದ್ದಳು ಎಂಬುದನ್ನಂತೂ ಯಾರೂ ಹೇಳಲಿಲ್ಲ. ನಮ್ಮ ಮಹಿಳಾ ವೇದಿಕೆಯ ಸಂಚಿಕೆಗೆ ಒಬ್ಬ ಗಂಡಸಿನ ಕಥೆ ಏಕೆ ಎಂದು ಕೇಳುವವರಿಗೆ ಇದೇ ನನ್ನ ಉತ್ತರ.

ಬೆಸೆಮರ್ ಹುಟ್ಟಿದ್ದು 1813ರ ಜನವರಿ 19ರಂದು, ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನ ಚಾರ್ಲ್‌ಟನ್ ಎಂಬ ಪುಟ್ಟ ಹಳ್ಳಿಯಲ್ಲಿ. ಅಪ್ಪ ಆಂಥನಿ ಬೆಸೆಮರ್ ಕೂಡ ಯಂತ್ರಗಳ ಮನುಷ್ಯ. ಯೌವನದಲ್ಲಿ ಪ್ಯಾರಿಸ್ಸಿನಲ್ಲಿದ್ದು, ಸೂಕ್ಷ್ಮದರ್ಶಕದಲ್ಲಿ ಮಾಡಿದ ಸುಧಾರಣೆಗಾಗಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಸದಸ್ಯನಾಗಿದ್ದವನು. ಫ್ರೆಂಚ್ ಕ್ರಾಂತಿಯ ಗಲಾಟೆಯಲ್ಲಿ ಎಲ್ಲವನ್ನೂ ಬಿಟ್ಟು ಇಂಗ್ಲೆಂಡಿಗೆ ಓಡಿಬಂದು, ಹಳ್ಳಿಯಲ್ಲಿ ಮುದ್ರಣದ ಅಚ್ಚುಮೊಳೆ ಎರಕ ಹೊಯ್ಯುವ ಕಾರ್ಖಾನೆ ಇಟ್ಟ. ಹುಡುಗ ಹೆನ್ರಿ ಅಲ್ಲೇ ಬೆಳೆದ. ಕಾಲೇಜು ಕಂಡವನಲ್ಲ, ಕರಗಿದ ಲೋಹ, ಅಚ್ಚು, ಲೇತ್ ಯಂತ್ರ, ಇವೇ ಅವನ ಶಾಲೆ. ಹದಿನೇಳನೆಯ ವಯಸ್ಸಿನಲ್ಲಿ, 1830ರಲ್ಲಿ, ಮನೆಯವರೊಂದಿಗೆ ಲಂಡನ್ನಿಗೆ ಬಂದ.

ಅಲ್ಲಿ ಅವನ ಕಣ್ಣಿಗೆ ಬಿದ್ದದ್ದು ಸರ್ಕಾರದ ಮುದ್ರಾಂಕದ ವ್ಯವಹಾರ. ಕರಾರುಪತ್ರ, ಕ್ರಯಪತ್ರಗಳಿಗೆ ಅಂಟಿಸುವ ಉಬ್ಬುಮುದ್ರೆಯ ಸ್ಟಾಂಪುಗಳನ್ನು ಜನ ಹಳೆಯ, ಉಪಯೋಗ ಮುಗಿದ ಕಾಗದಗಳಿಂದ ಬಿಡಿಸಿ ಹೊಸ ಪತ್ರಗಳಿಗೆ ಅಂಟಿಸುತ್ತಿದ್ದರು. ಸರ್ಕಾರಕ್ಕೆ ವರ್ಷಕ್ಕೆ ಒಂದು ಲಕ್ಷ ಪೌಂಡ್ ನಷ್ಟ ಎಂಬ ಅಂದಾಜಿತ್ತು. ನಕಲಿ ಛಾಪಾ ಕಾಗದದ ಹಗರಣವನ್ನು ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಕಂಡ ನಮಗೆ ಇದೇನೂ ಹೊಸ ಕಥೆಯಲ್ಲ. ಬೆಸೆಮರ್ ತಿಂಗಳುಗಟ್ಟಲೆ ರಾತ್ರಿ ಕೂತು, ಕಾಗದವನ್ನು ಸಣ್ಣಸಣ್ಣ ತೂತುಗಳಿಂದ ಕೊರೆಯುವ ಹೊಸ ಮುದ್ರೆಯೊಂದನ್ನು ಮಾಡಿದ. ಅದನ್ನು ಬಿಡಿಸಿ ಬೇರೆಡೆ ಅಂಟಿಸುವಂತಿರಲಿಲ್ಲ. ಸ್ಟಾಂಪ್ ಕಚೇರಿಯ ಅಧಿಕಾರಿಗಳಿಗೆ ಒಪ್ಪಿಗೆಯಾಯಿತು. ಹೊಸ ಯಂತ್ರಗಳನ್ನು ನೋಡಿಕೊಳ್ಳಲು ಅವನನ್ನೇ ಮೇಲ್ವಿಚಾರಕನನ್ನಾಗಿ ನೇಮಿಸುವ ಮಾತೂ ಆಯಿತು. ಇಪ್ಪತ್ತರ ಹುಡುಗನಿಗೆ ಸರ್ಕಾರಿ ನೌಕರಿ, ಒಳ್ಳೆಯ ಸಂಬಳ. ಇನ್ನು ಮದುವೆಗೆ ಅಡ್ಡಿಯಿಲ್ಲ.

ಈ ಸಂತೋಷವನ್ನು ಹಂಚಿಕೊಳ್ಳಲು ಅವನು ಹೋದದ್ದು ತಾನು ಮದುವೆಯಾಗಬೇಕಿದ್ದ ಆನ್ ಅಲೆನ್ ಬಳಿಗೆ. ಹಳೆಯ ಸ್ಟಾಂಪುಗಳ ಕಳ್ಳಾಟ, ತನ್ನ ಹೊಸ ಮುದ್ರೆಯ ಚಮತ್ಕಾರ, ಎಲ್ಲವನ್ನೂ ಅವಳಿಗೆ ವಿವರಿಸಿದ. ಆಕೆ ಪೂರ್ತಿ ಕೇಳಿಸಿಕೊಂಡು, ಹಾಗಿದ್ದರೆ ಸ್ಟಾಂಪಿನ ಮೇಲೆ ಆ ದಿನದ ತಾರೀಖು ಒತ್ತಿಬಿಟ್ಟರೆ ಸಾಕಲ್ಲ, ವರ್ಷಗಳ ನಂತರ ಅದನ್ನು ಮತ್ತೆ ಬಳಸಿದರೆ ತಾನೇ ಸಿಕ್ಕಿಬೀಳುತ್ತದಲ್ಲ ಎಂಬರ್ಥದ ಮಾತಾಡಿದಳು. ಅಷ್ಟೇ.

ಬೆಸೆಮರನ ತಿಂಗಳುಗಳ ದುಡಿಮೆ ಆ ಒಂದು ಮಾತಿನಿಂದ ಬೇಡವಾಯಿತು. ಹೊಸ ಯಂತ್ರ ಬೇಡ, ತೂತು ಬೇಡ; ಇರುವ ಮುದ್ರೆಯಲ್ಲೇ ತಾರೀಖಿನ ಅಂಕಿಗಳನ್ನು ಬದಲಾಯಿಸುವ ಮೂರು ಸಣ್ಣ ಬಿಲ್ಲೆ ಇದ್ದರೆ ಮುಗಿಯಿತು. ಮೆಚ್ಚಬೇಕಾದ್ದು ಏನೆಂದರೆ, ತನ್ನ ಹೆಮ್ಮೆಯ ಯಂತ್ರವನ್ನು ಪಕ್ಕಕ್ಕಿಟ್ಟು, ಆನ್ ಹೇಳಿದ್ದೇ ಸರಿ ಎಂದು ಅವನು ಅದನ್ನೇ ಮಾಡಿಕೊಂಡು ಕಚೇರಿಗೆ ಹೋದ. ಕಚೇರಿಯವರಿಗೆ ಇನ್ನೂ ಖುಷಿ. ಖರ್ಚಿಲ್ಲ, ಹೊಸ ಯಂತ್ರವಿಲ್ಲ. ಹೊಸ ಯಂತ್ರವೇ ಇಲ್ಲದ ಮೇಲೆ ಮೇಲ್ವಿಚಾರಕನೂ ಬೇಡ! ನೌಕರಿ ಹೋಯಿತು. ಪೇಟೆಂಟು ಮಾಡಿಸಿರಲಿಲ್ಲವಾದ್ದರಿಂದ ಕೇಳಲು ಹಕ್ಕೂ ಇರಲಿಲ್ಲ. ಒಂದು ಪೈಸೆ ಕೊಡಲಿಲ್ಲ. ಸ್ಟಾಂಪುಗಳ ಮೇಲೆ ತಾರೀಖು ಮಾತ್ರ ಬಿದ್ದವು, ಸರ್ಕಾರದ ಲಕ್ಷಾಂತರ ಪೌಂಡ್ ಉಳಿಯುತ್ತಾ ಹೋಯಿತು.

1834ರಲ್ಲಿ ಇಬ್ಬರ ಮದುವೆಯಾಯಿತು. ನೌಕರಿ ತಪ್ಪಿಸಿದವಳು ಎಂದು ಬೆಸೆಮರ್ ಆಕೆಯನ್ನು ದೂರಲಿಲ್ಲ. ಆದರೆ ಸರ್ಕಾರದ ಮೇಲಿನ ಮುನಿಸು ಅವನ ಎದೆಯಲ್ಲಿ ನಲವತ್ತೈದು ವರ್ಷ ಕೂತಿತ್ತು.

ಎರಡನೆಯ ತಿರುವು ಅವನ ಅಕ್ಕನಿಂದ. ಆಕೆ ಹೂಗಳ ಚಿತ್ರ ಬಿಡಿಸಿ ಒಂದು ಆಲ್ಬಮ್ ಮಾಡಿದ್ದಳು. ಅದರ ಹೊದಿಕೆಯ ಮೇಲೆ ಚಿನ್ನದ ಬಣ್ಣದಲ್ಲಿ ಹೆಸರು ಬರೆದುಕೊಡು ಎಂದು ತಮ್ಮನನ್ನು ಕೇಳಿಕೊಂಡಳು. ಅಂಗಡಿಗೆ ಹೋಗಿ ಕಂಚಿನ ಪುಡಿ ತಂದ. ಒಂದು ಔನ್ಸಿಗೆ 7 ಶಿಲ್ಲಿಂಗ್. ಅದು ಹಿತ್ತಾಳೆಯಂಥ ಸಾಮಾನ್ಯ ಲೋಹದ ಪುಡಿ, ಕಚ್ಚಾ ಲೋಹ ಪೌಂಡಿಗೆ ಕೆಲವೇ ಪೆನ್ನಿಗಳದ್ದು. ಇಷ್ಟೊಂದು ಬೆಲೆ ಏಕೆ? ಜರ್ಮನಿಯಲ್ಲಿ ಅದನ್ನು ಕೈಯಿಂದ ಬಡಿದು ಬಡಿದು ತಗಡು ಮಾಡಿ, ಅರೆದು ಪುಡಿ ಮಾಡುತ್ತಿದ್ದರು. ಕೂಲಿಯೇ ಬೆಲೆ. ಯಂತ್ರದಿಂದ ಮಾಡಿದರೆ? ಮೊದಲ ಪ್ರಯತ್ನದಲ್ಲಿ ಪುಡಿಯೇನೋ ಬಂತು, ಹೊಳಪು ಬರಲಿಲ್ಲ. ಕೈಬಿಟ್ಟ. ಎಷ್ಟೋ ಕಾಲದ ನಂತರ ಎರಡೂ ಪುಡಿಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಗುಟ್ಟು ತಿಳಿಯಿತು: ಜರ್ಮನಿಯದು ಚಪ್ಪಟೆ ಹಾಳೆಗಳ ಚೂರು, ಇವನದು ಸುರುಳಿಸುತ್ತಿದ ಕಣ. ಬೆಳಕನ್ನು ಹಿಂದಕ್ಕೆ ಎಸೆಯುವುದು ಚಪ್ಪಟೆಯಾದ, ನುಣುಪಾದ ಮುಖ ಮಾತ್ರ. ಮುಂದೆ ಗಾಜಿನಲ್ಲಿ ಅವನನ್ನು ಕಾಡಿದ್ದೂ ಇದೇ ಸಂಗತಿ.

ಈ ಬಾರಿ ಪೇಟೆಂಟಿನ ಸಹವಾಸಕ್ಕೇ ಹೋಗಲಿಲ್ಲ. ಒಮ್ಮೆ ಕೈ ಸುಟ್ಟುಕೊಂಡವನು. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಲ್ಲಿ ಬ್ಯಾಕ್ಸ್‌ಟರ್ ಹೌಸ್ ಎಂಬ ಕಟ್ಟಡ ತೆಗೆದುಕೊಂಡ. ಯಂತ್ರದ ಬಿಡಿಭಾಗಗಳನ್ನು ಬೇರೆ ಬೇರೆ ಊರುಗಳ ಬೇರೆ ಬೇರೆ ಕಾರ್ಖಾನೆಗಳಿಂದ ಮಾಡಿಸಿ ತರಿಸಿ, ತಾನೇ ಜೋಡಿಸಿದ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪ್ರತಿ ವೆಂಡರ್‌ಗೂ ಒಂದೊಂದು ಮಾಡ್ಯೂಲ್, ಇಂಟಿಗ್ರೇಷನ್ ಮಾತ್ರ ಮನೆಯೊಳಗೆ. ಒಳಗೆ ಕೆಲಸಕ್ಕೆ ಯಾರು? ಆನ್‌ಳ ಮೂವರು ಅಣ್ಣತಮ್ಮಂದಿರು. ಬೀಗ ಹಾಕಿದ ಆ ಕೋಣೆಗಳ ಗುಟ್ಟು ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಹೊರಗೆ ಹೋಗಲಿಲ್ಲ. ಹೆಂಡತಿಯ ತವರಿನವರನ್ನು ನಂಬಿ ಕೆಟ್ಟವರ ಕಥೆಗಳನ್ನು ನಾವು ಸಾಕಷ್ಟು ಕೇಳಿರುತ್ತೇವೆ, ನಂಬಿ ಉದ್ಧಾರವಾದವನೊಬ್ಬನ ಕಥೆಯೂ ಇರಲಿ. ಕಂಚಿನ ಪುಡಿ ಅವನನ್ನು ಶ್ರೀಮಂತನನ್ನಾಗಿ ಮಾಡಿತು. ಆ ದುಡ್ಡಿನಲ್ಲೇ ಗಾಜಿನ ಪ್ರಯೋಗಗಳು ಶುರುವಾದದ್ದು.

ಗಾಜಿನ ಕಥೆಗೆ ಹೋಗುವ ಮೊದಲು ಆ ಕಾಲದಲ್ಲಿ ಚಪ್ಪಟೆ ಗಾಜನ್ನು ಹೇಗೆ ಮಾಡುತ್ತಿದ್ದರು ಎಂದು ಸ್ವಲ್ಪ ಹೇಳಬೇಕು. ಎರಡು ದಾರಿಗಳಿದ್ದವು. ಒಂದು, ಊದುವುದು. ಕರಗಿದ ಗಾಜನ್ನು ಕೊಳವೆಯ ತುದಿಗೆ ಹಿಡಿದು ಉದ್ದನೆಯ ಸಿಲಿಂಡರಿನಂತೆ ಊದಿ, ಎರಡು ತುದಿ ಕತ್ತರಿಸಿ, ಉದ್ದಕ್ಕೆ ಸೀಳಿ, ಮತ್ತೆ ಕಾಯಿಸಿ ಬಿಡಿಸಿ ಹಾಸುವುದು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಎದ್ದ ಕ್ರಿಸ್ಟಲ್ ಪ್ಯಾಲೇಸಿನ ಸುಮಾರು ಮೂರು ಲಕ್ಷ ಗಾಜುಗಳನ್ನು ಚಾನ್ಸ್ ಬ್ರದರ್ಸ್ ಕಂಪನಿ ಮಾಡಿಕೊಟ್ಟದ್ದು ಹೀಗೆ, ಮನುಷ್ಯರ ಶ್ವಾಸಕೋಶದ ಬಲದಿಂದ. ಈ ಗಾಜು ಬೆಂಕಿಯ ಹೊಳಪನ್ನು ಉಳಿಸಿಕೊಳ್ಳುತ್ತಿತ್ತು, ಆದರೆ ತೆಳು, ಅಲೆ ಅಲೆ. ಅದರ ಮೂಲಕ ನೋಡಿದರೆ ಎದುರುಮನೆಯ ಗೋಡೆ ಕುಣಿಯುತ್ತಿತ್ತು.

ಇನ್ನೊಂದು, ಎರಕ. ದೊಡ್ಡ ಲೋಹದ ಮೇಜಿನ ಮೇಲೆ ಕರಗಿದ ಗಾಜನ್ನು ಸುರಿದು, ಭಾರದ ಉರುಳೆಯನ್ನು ಮೇಲೆ ಓಡಿಸಿ, ನಿಧಾನ ತಣಿಸುವುದು. ಚಪಾತಿ ಲಟ್ಟಿಸಿದ ಹಾಗೆಯೇ. ದೊಡ್ಡ ಕನ್ನಡಿಗಳಿಗೆ, ಸಿರಿವಂತರ ಕಿಟಕಿಗಳಿಗೆ ಈ ದಪ್ಪ ಪ್ಲೇಟ್ ಗ್ಲಾಸ್ ಬೇಕು. ಆದರೆ ಮೇಜಿಗೆ ತಾಗಿದ ಮುಖವೂ ಉರುಳೆ ತಾಗಿದ ಮುಖವೂ ಒರಟು, ಮಂಕು. ಮೇಜಿನಿಂದ ಎತ್ತಿದಾಗ ಅದು ಕನ್ನಡಿಯೂ ಅಲ್ಲ, ಕಿಟಕಿಯೂ ಅಲ್ಲ. ನಿಜವಾದ ಕೆಲಸ ಶುರುವಾಗುವುದು ಆಮೇಲೆ.

ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ ಗಂಧ ತೇಯುವುದನ್ನು ನೆನಪಿಸಿಕೊಳ್ಳಿ. ಗಾಜನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಮೇಜಿನ ಮೇಲೆ ಅಲುಗಾಡದಂತೆ ಕೂರಿಸಿ, ಮೇಲೆ ಮರಳು, ನೀರು ಹಾಕಿ ಯಂತ್ರದಿಂದ ಉಜ್ಜುತ್ತಾರೆ. ಮರಳು ಉಬ್ಬುತಗ್ಗುಗಳನ್ನು ತೇಯ್ದು ಸಮ ಮಾಡುತ್ತದೆ, ಜೊತೆಗೆ ತನ್ನದೇ ಗೀರುಗಳನ್ನು ಬಿಡುತ್ತದೆ. ಆ ಗೀರು ಹೋಗಲು ಇನ್ನೂ ಸಣ್ಣ ಮರಳು. ಆಮೇಲೆ ಎಮರಿ ಪುಡಿ, ಅದರಲ್ಲೂ ದಪ್ಪದಿಂದ ನಯಕ್ಕೆ ಒಂದೊಂದೇ ಮೆಟ್ಟಿಲು. ಇಷ್ಟಾದರೂ ಗಾಜು ಹಾಲುಬಿಳುಪಾಗಿಯೇ ಇರುತ್ತದೆ. ಕೊನೆಗೆ ರೂಜ್ ಎಂಬ ಕೆಂಪು ಪುಡಿ, ಅಂದರೆ ಕಬ್ಬಿಣದ ಆಕ್ಸೈಡು, ಅದನ್ನು ಉಣ್ಣೆಯ ಫೆಲ್ಟ್ ಹೊದಿಸಿದ ಗುಂಡಿಗಳಿಂದ ತಿಕ್ಕಿದಾಗ ಪಾರದರ್ಶಕತೆ ಬರುತ್ತದೆ. ಆಮೇಲೆ ಪ್ಲಾಸ್ಟರ್ ಒಡೆದು, ಗಾಜನ್ನು ಮಗುಚಿ ಹಾಕಿ, ಇನ್ನೊಂದು ಮುಖಕ್ಕೆ ಇದೇ ಎಲ್ಲವೂ ಮೊದಲಿನಿಂದ. ಎರಕ ಹೊಯ್ದ ದಪ್ಪದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಹೀಗೆ ತೇಯ್ದೇ ಹೋಗುತ್ತಿತ್ತು.

ಇಂಗ್ಲೆಂಡಿನ ಸೇಂಟ್ ಹೆಲೆನ್ಸ್ ಬಳಿ ರೇವನ್‌ಹೆಡ್‌ನಲ್ಲಿದ್ದ ಪ್ಲೇಟ್ ಗ್ಲಾಸ್ ಕಾರ್ಖಾನೆ 1789ರಲ್ಲೇ ಈ ಕೆಲಸಕ್ಕೆ ಉಗಿಯಂತ್ರ ತರಿಸಿತ್ತು. ಮರಳಿನಲ್ಲಿ ತೇಯುವುದು ಯಂತ್ರಕ್ಕೆ ಸಾಧ್ಯವಾಯಿತು, ರೂಜಿನ ಹೊಳಪು ಕೊಡುವುದೂ ಸಾಧ್ಯವಾಯಿತು. ಆದರೆ ನಡುವಿನ ಮೆಟ್ಟಿಲು, ಎಮರಿಯಿಂದ ನುಣುಪು ಮಾಡುವುದಿದೆಯಲ್ಲ, ಅದನ್ನು ಯಂತ್ರಕ್ಕೆ ಒಪ್ಪಿಸಲು ಬಹಳ ಕಾಲ ಆಗಲಿಲ್ಲ. ಒಂದು ಕಣ ದಪ್ಪ ಮರಳು ನಡುವೆ ಸೇರಿಕೊಂಡರೆ ಇಡೀ ಗಾಜಿಗೆ ಗೀರು. ಅದು ಕೈಗೆ ತಿಳಿಯಬೇಕು. ಹಾಗಾಗಿ ಆ ಕೆಲಸ ಹೆಂಗಸರದಾಗಿತ್ತು. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಗಾಜಿನ ಕಾರ್ಖಾನೆಗಳಲ್ಲಿ ಸಾಲುಸಾಲಾಗಿ ನಿಂತ ಹೆಂಗಸರು, ಒದ್ದೆ ಗಾಜಿನ ಮೇಲೆ ಬಗ್ಗಿ, ಒಂದು ಗಾಜನ್ನು ಇನ್ನೊಂದರ ಮೇಲೆ ಕೈಯಿಂದ ತಿಕ್ಕುತ್ತಿದ್ದರು. ಅರಮನೆಗಳ ಎತ್ತರದ ಕನ್ನಡಿಗಳಲ್ಲಿ ಮುಖ ನೋಡಿಕೊಂಡ ರಾಣಿಯರ ಹೆಸರು ನಮಗೆ ಗೊತ್ತು. ಆ ಕನ್ನಡಿ ಕನ್ನಡಿಯಾದದ್ದು ಈ ಹೆಂಗಸರ ರಟ್ಟೆಯಿಂದ.

1845ರಲ್ಲಿ ಬ್ರಿಟನ್ ಗಾಜಿನ ಮೇಲಿನ ಸುಂಕವನ್ನು ರದ್ದು ಮಾಡಿತು. ಬೇಡಿಕೆ ಏರಿತು. ಬೆಸೆಮರ್ ಅದೇ ಹೊತ್ತಿಗೆ ಬ್ಯಾಕ್ಸ್‌ಟರ್ ಹೌಸಿನಲ್ಲಿ ಗಾಜಿನ ಕುಲುಮೆ ಕಟ್ಟಿದ. ಮೊದಲು ಮಸೂರಗಳಿಗೆ ಬೇಕಾದ ಗಾಜಿನ ಪ್ರಯೋಗ. ಅಪ್ಪನಿಂದ ಬಂದ ಹುಚ್ಚಿರಬೇಕು. ಆಮೇಲೆ ಹಾಳೆ ಗಾಜು. ಅವನ ಯೋಚನೆ ಸರಳವಾಗಿತ್ತು: ಮೇಜಿನ ಮೇಲೆ ಒಂದೊಂದೇ ಹಾಳೆ ಸುರಿಯುವುದೇಕೆ? ಕುಲುಮೆಯಿಂದ ಹರಿದುಬರುವ ಗಾಜನ್ನು ನೇರವಾಗಿ ಎರಡು ಉರುಳೆಗಳ ನಡುವೆ ಬಿಟ್ಟರೆ, ಕಬ್ಬಿನ ಗಾಣದಿಂದ ಸಿಪ್ಪೆ ಹೊರಬರುವ ಹಾಗೆ ಅತ್ತ ಕಡೆಯಿಂದ ಹಾಳೆ ತುಂಡಾಗದೆ ಬರುತ್ತಲೇ ಇರುತ್ತದೆ. ಅಲ್ಲಿಯವರೆಗೆ ಗಾಜು ಒಂದೊಂದೇ ಆಗಿ ತಯಾರಾಗುವ ವಸ್ತು. ಅದನ್ನು ನದಿಯಂತೆ ಹರಿಯುವ ವಸ್ತುವಾಗಿ ನೋಡಿದ್ದು ಅವನ ಹೆಚ್ಚುಗಾರಿಕೆ. ಕಂಪ್ಯೂಟರಿನವರು ಇದನ್ನು ಬ್ಯಾಚ್‌ನಿಂದ ಸ್ಟ್ರೀಮ್‌ಗೆ ಹೋಗುವುದು ಎನ್ನುತ್ತೇವೆ, ಇಪ್ಪತ್ತು ವರ್ಷದ ಹೊಸ ವಿದ್ಯೆ ಎಂಬಂತೆ!

ಚಾನ್ಸ್ ಬ್ರದರ್ಸ್‌ನ ಲೂಕಸ್ ಚಾನ್ಸ್ ಸ್ವತಃ ನೋಡಲು ಬಂದ. ಅವನ ಕಣ್ಣೆದುರೇ ಉರುಳೆಗಳ ನಡುವಿನಿಂದ ಸುಮಾರು 70 ಅಡಿ ಉದ್ದದ, ಎರಡೂವರೆ ಅಡಿ ಅಗಲದ ಗಾಜಿನ ಪಟ್ಟಿ ಹೊರಬಂತು. ಅಷ್ಟುದ್ದದ ಗಾಜನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಚಾನ್ಸ್ 6000 ಪೌಂಡಿಗೆ ಪೇಟೆಂಟನ್ನು ಕೊಂಡುಕೊಂಡ.

ಕೊಂಡದ್ದೇನೋ ಹೌದು, ಅದರಿಂದ ಕಿಟಕಿ ಗಾಜಿನ ಲೋಕ ಬದಲಾಗಲಿಲ್ಲ. ಕಾರಣ ಮತ್ತೆ ಅದೇ ಮೇಲ್ಮೈ. ಬಿಸಿ ಗಾಜು ಲೋಹದ ಉರುಳೆಯನ್ನು ಮುಟ್ಟಿದ ಕ್ಷಣ ತನ್ನ ಹೊಳಪನ್ನು ಕಳೆದುಕೊಳ್ಳುತ್ತದೆ. 70 ಅಡಿ ಉದ್ದದ ಹಾಳೆ ಎಂದರೆ 70 ಅಡಿ ಉದ್ದದ ಎರಡು ಒರಟು ಮುಖಗಳು. ಅವನ್ನು ಮರಳಿನಿಂದ, ಎಮರಿಯಿಂದ, ರೂಜಿನಿಂದ ಉಜ್ಜುವವರು ಯಾರು? ತಯಾರಿಕೆ ಓಡಿತು, ತೇಯುವುದು ನಿಂತಲ್ಲೇ ನಿಂತಿತು. ಒಂದು ಕಡೆ ವೇಗ ಹೆಚ್ಚಿಸಿದರೆ ಅಡಚಣೆ ಮುಂದಿನ ಮೆಟ್ಟಿಲಿಗೆ ಜಾರುತ್ತದೆ ಎಂಬುದನ್ನು ನಾನು ಪ್ರೊಡಕ್ಷನ್ ಎಂಜಿನಿಯರಿಂಗಿನಲ್ಲಿ ಸೂತ್ರಗಳಲ್ಲಿ ಓದಿದ್ದೆ. ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಬೆಸೆಮರ್ ಆ ಮೆಟ್ಟಿಲಿಗೂ ಕೈ ಹಾಕಿದ. ತೇಯುವ ಕೆಲಸದಲ್ಲಿ ಅವನಿಗೆ ಕಂಡ ದೊಡ್ಡ ದಂಡ ಪ್ಲಾಸ್ಟರ್. ಗಾಜನ್ನು ಕೂರಿಸುವುದು, ಪ್ಲಾಸ್ಟರ್ ಗಟ್ಟಿಯಾಗಲು ಕಾಯುವುದು, ಆಮೇಲೆ ಒಡೆಯುವುದು, ಮಗುಚುವುದು, ಮತ್ತೆ ಕೂರಿಸುವುದು. ಇದರ ಬದಲು ಮೇಜಿನ ಅಡಿಯಿಂದ ಪಂಪಿನಲ್ಲಿ ಗಾಳಿಯನ್ನು ಹೀರಿಬಿಟ್ಟರೆ, ಮೇಲಿನ ವಾತಾವರಣದ ಒತ್ತಡವೇ ಗಾಜನ್ನು ಮೇಜಿಗೆ ಅದುಮಿ ಹಿಡಿಯುತ್ತದೆ. ಕವಾಟ ತಿರುಗಿಸಿ ಗಾಳಿ ಒಳಗೆ ಬಿಟ್ಟರೆ ಗಾಜು ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಗಾಜಿನ ಪ್ರತಿ ಚದರ ಅಂಗುಲದ ಮೇಲೆ ವಾತಾವರಣ ಸುಮಾರು 15 ಪೌಂಡ್ ಭಾರ ಹೇರುತ್ತದೆ ಎಂದು ಲೆಕ್ಕ ಹಾಕಿದರೆ, ಒಂದು ಕಿಟಕಿಯಷ್ಟು ಗಾಜನ್ನು ಟನ್ನುಗಟ್ಟಲೆ ಬಲ ಹಿಡಿದಿಟ್ಟುಕೊಂಡಿರುತ್ತದೆ. ಇದೇ ಕಷ್ಟಕ್ಕೆ ಚಾನ್ಸ್ ಮನೆತನದ ಜೇಮ್ಸ್ ಚಾನ್ಸ್ ಕೆಲವು ವರ್ಷ ಮುಂಚೆಯೇ ಇನ್ನೊಂದು ಉಪಾಯ ಕಂಡಿದ್ದ: ತೆಳು ಗಾಜನ್ನು ಒದ್ದೆ ಚರ್ಮದ ಮೇಲೆ ಒತ್ತಿ ಕೂರಿಸುವುದು. ಅದೂ ಒಂದು ಬಗೆಯ ಹೀರಿಕೆಯೇ. ಇವತ್ತು ನಮ್ಮ ಹಿಂಜೇವಾಡಿಯ ಕಟ್ಟಡಗಳಿಗೆ ಗಾಜು ಕೂರಿಸುವವರು ರಬ್ಬರಿನ ಬಟ್ಟಲುಗಳನ್ನು ಗಾಜಿಗೆ ಅಂಟಿಸಿ ಎತ್ತುತ್ತಾರಲ್ಲ, ತತ್ತ್ವ ಅದೇ.

ಗಾಜನ್ನು ತೇಯುವ ಕಷ್ಟ ಬೆಸೆಮರನ ಕಾಲದಲ್ಲಿ ಮುಗಿಯಲಿಲ್ಲ. ಉರುಳೆಗಳಿಂದ ಸತತವಾಗಿ ಹಾಳೆ ತೆಗೆಯುವ ಅವನ ಆಲೋಚನೆ ಕಾರ್ಖಾನೆಗಳಲ್ಲಿ ನೆಲೆಯೂರಿದ್ದು 1920ರ ದಶಕದಲ್ಲಿ. ಗಾಜಿನ ಎರಡೂ ಮುಖಗಳನ್ನು ಒಂದೇ ಸಲಕ್ಕೆ ತೇಯುವ ಜೋಡಿ ಯಂತ್ರವನ್ನು ಇಂಗ್ಲೆಂಡಿನ ಪಿಲ್ಕಿಂಗ್‌ಟನ್ ಕಂಪನಿ ಡಾಂಕಾಸ್ಟರ್‌ನಲ್ಲಿ ನಡೆಸಿದ್ದು 1930ರ ದಶಕದಲ್ಲಿ. 1959ರಲ್ಲಿ ಅದೇ ಕಂಪನಿ ಕರಗಿದ ತವರದ ಮೇಲೆ ಗಾಜನ್ನು ತೇಲಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ ತೇಯುವ ಯಂತ್ರಗಳ ಸಾಲುಗಳೇ ಬೇಡವಾದವು. ಆದರೆ ಬೆಸೆಮರನ ಕಥೆ ಅಲ್ಲಿಗೆ ಹೋಗಲಿಲ್ಲ. ಅದು ಯುದ್ಧದ ಕಡೆಗೆ ತಿರುಗಿತು.

ಕ್ರಿಮಿಯಾ ಯುದ್ಧದ ಹೊತ್ತಿಗೆ ಅವನು ಹೊಸ ಬಗೆಯ ತೋಪಿನ ಗುಂಡೊಂದನ್ನು ಮಾಡಿದ್ದ. 1854ರ ಡಿಸೆಂಬರಿನಲ್ಲಿ ಪ್ಯಾರಿಸ್ ಬಳಿಯ ವ್ಯಾನ್‌ಸೆನ್‌ನಲ್ಲಿ ಪರೀಕ್ಷೆಯಾಯಿತು. ಗುಂಡು ಚೆನ್ನಾಗಿದೆ, ಅದನ್ನು ತಾಳಿಕೊಳ್ಳುವ ತೋಪು ಎಲ್ಲಿದೆ ಎಂಬ ಪ್ರಶ್ನೆ ಫ್ರೆಂಚ್ ಅಧಿಕಾರಿ ಮೀನಿಯೆಯಿಂದ ಬಂತು. ಬೆಸೆಮರನಿಗೆ ಕಬ್ಬಿಣದ ವಿಷಯ ಹೆಚ್ಚೇನೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ಒಳ್ಳೆಯದಾಯಿತು, ಹಳೆಯ ಅಭ್ಯಾಸಗಳ ಭಾರ ನನಗಿರಲಿಲ್ಲ ಎಂಬುದು ಕೊನೆಯವರೆಗೂ ಅವನ ನಿಲುವಾಗಿತ್ತು. ಅದೇ ಬ್ಯಾಕ್ಸ್‌ಟರ್ ಹೌಸ್, ಮತ್ತೆ ಕುಲುಮೆ. ಕುಲುಮೆಯ ಅಂಚಿನಲ್ಲಿ ಕರಗದೆ ಉಳಿದ ಬೀಡು ಕಬ್ಬಿಣದ ತುಂಡುಗಳನ್ನು ಕೆದಕಿ ನೋಡಿದರೆ, ಒಳಗಿನದು ಕರಗಿ ಹೋಗಿತ್ತು, ಹೊರಗಿನ ತೆಳು ಚಿಪ್ಪು ಮಾತ್ರ ಉಳಿದಿತ್ತು. ಬಿಸಿ ಗಾಳಿ ತಾಗಿದ ಆ ಚಿಪ್ಪಿನಲ್ಲಿ ಇಂಗಾಲವೇ ಇರಲಿಲ್ಲ. ಹಾಗಾದರೆ ಕರಗಿದ ಬೀಡು ಕಬ್ಬಿಣದೊಳಗೇ ಗಾಳಿ ಊದಿದರೆ? ಊದಿದ. ಸೌದೆಯಿಲ್ಲ, ಕಲ್ಲಿದ್ದಲಿಲ್ಲ, ಇಂಗಾಲ ಸುಡುವ ಕಾವಿಗೆ ಕಬ್ಬಿಣ ಇನ್ನೂ ಬಿಸಿಯಾಗುತ್ತಾ, ಪಾತ್ರೆಯ ಬಾಯಿಂದ ಹೂಬಾಣದಂತೆ ಕಿಡಿ ಹಾರಿತು. ಮುಂದೆ ಕರಗಿದ ಉಕ್ಕನ್ನು ಎರಡು ಉರುಳೆಗಳ ನಡುವೆ ಸುರಿದು ನೇರವಾಗಿ ತಗಡು ತೆಗೆಯುವ ಪೇಟೆಂಟನ್ನೂ ಮಾಡಿದ. ಗಾಜಿನ ಯಂತ್ರವೇ ಮತ್ತೆ ಬಂದಂತೆ.

1856ರ ಆಗಸ್ಟಿನಲ್ಲಿ ಚೆಲ್ಟನ್‌ಹ್ಯಾಮ್‌ನ ವಿಜ್ಞಾನ ಸಭೆಯಲ್ಲಿ ಪ್ರಬಂಧ ಓದಿದ. ಕಬ್ಬಿಣದ ಧಣಿಗಳು ಮುಗಿಬಿದ್ದು ಪರವಾನಗಿ ಕೊಂಡರು. ಅವರು ಮಾಡಿದ ಉಕ್ಕು ಹಪ್ಪಳದಂತೆ ಮುರಿಯಿತು. ಅದಿರಿನಲ್ಲಿದ್ದ ರಂಜಕ ಒಂದು ಕಾರಣ, ಲೋಹದಲ್ಲಿ ಉಳಿದ ಆಮ್ಲಜನಕ ಮತ್ತು ಗಂಧಕ ಇನ್ನೊಂದು. ಎರಡನೆಯದಕ್ಕೆ ಮದ್ದು ಕಂಡವನು ಫಾರೆಸ್ಟ್ ಆಫ್ ಡೀನ್‌ನ ರಾಬರ್ಟ್ ಮಶೆಟ್. ಮ್ಯಾಂಗನೀಸ್ ಬೆರೆತ ಒಂದು ಬಗೆಯ ಬೀಡು ಕಬ್ಬಿಣವನ್ನು ಕೊನೆಯಲ್ಲಿ ಹಾಕಿದರೆ ಉಕ್ಕು ಗಟ್ಟಿಯಾಗುತ್ತದೆ ಎಂದು ಕಂಡುಹಿಡಿದ. ಆ ಕಬ್ಬಿಣದ ಮುರಿದ ಮುಖ ಫಳಫಳ ಹೊಳೆಯುವುದರಿಂದ ಜರ್ಮನ್ನರು ಅದನ್ನು ಸ್ಪೀಗೆಲ್ ಐಸನ್, ಅಂದರೆ ಕನ್ನಡಿ ಕಬ್ಬಿಣ ಎನ್ನುತ್ತಾರೆ. ಈ ಮಶೆಟ್‌ನ ತಂದೆ ಡೇವಿಡ್ ಮಶೆಟ್ 1805ರಲ್ಲಿ ನಮ್ಮ ದಕ್ಷಿಣ ಭಾರತದ ಉಕ್ಕನ್ನು ಪರೀಕ್ಷಿಸಿ ಪ್ರಬಂಧ ಬರೆದವನು. ಆ ಉಕ್ಕನ್ನು ಇಂಗ್ಲಿಷರು ವೂಟ್ಸ್ ಎಂದು ಕರೆದರು; ಆ ಪದ ನಮ್ಮ ಉಕ್ಕು ಎಂಬ ಮಾತಿನಿಂದಲೇ ಬಂತೆಂದು ಸಾಮಾನ್ಯವಾಗಿ ಹೇಳುತ್ತಾರೆ.

ರಾಬರ್ಟ್ ಮಶೆಟ್‌ನ ಪೇಟೆಂಟು 1859ರಲ್ಲಿ ಬಿದ್ದುಹೋಯಿತು. ಕಾರಣ ಕೇಳಿದರೆ ಹೊಟ್ಟೆ ಉರಿಯುತ್ತದೆ: ಮೂರನೆಯ ವರ್ಷ ಕಟ್ಟಬೇಕಿದ್ದ ಸ್ಟಾಂಪ್ ಶುಲ್ಕವನ್ನು ಯಾರೂ ಕಟ್ಟಲಿಲ್ಲ. ಸರ್ಕಾರದ ಸ್ಟಾಂಪ್ ಆದಾಯವನ್ನು ಉಳಿಸಿಕೊಟ್ಟ ಬೆಸೆಮರ್ ಒಂದು ಕಡೆ. ಅದೇ ಸ್ಟಾಂಪ್ ಶುಲ್ಕದಿಂದ ತನ್ನದೆಲ್ಲವನ್ನೂ ಕಳೆದುಕೊಂಡ ಮಶೆಟ್ ಇನ್ನೊಂದು ಕಡೆ. ಪೇಟೆಂಟು ಬಿದ್ದ ಮೇಲೆ ಯಾರು ಬೇಕಾದರೂ ಮ್ಯಾಂಗನೀಸ್ ಬಳಸಬಹುದಿತ್ತು, ಬೆಸೆಮರ್ ಕೂಡ. ಶೆಫೀಲ್ಡ್‌ನಲ್ಲಿ ಅವನ ಸ್ವಂತ ಕಾರ್ಖಾನೆ ಎದ್ದಿತು. ಟನ್ನಿಗೆ 40 ಪೌಂಡಿಗೂ ಮೇಲಿದ್ದ ಉಕ್ಕು 6-7 ಪೌಂಡಿಗೆ ಇಳಿಯಿತು. ರೈಲು ಹಳಿ, ಹಡಗು, ಸೇತುವೆ, ಎಲ್ಲವೂ ಉಕ್ಕಾದವು. ಎಷ್ಟೋ ದಶಕಗಳ ನಂತರ ನಮ್ಮ ಜಮ್‌ಷೆಡ್‌ಪುರದ ಟಾಟಾ ಕಾರ್ಖಾನೆಯಲ್ಲೂ ಬೆಸೆಮರ್ ಕನ್ವರ್ಟರುಗಳು ಉರಿದವು. ಬೆಸೆಮರನಿಗೆ ಬಂದ ರಾಯಧನ ಹತ್ತು ಲಕ್ಷ ಪೌಂಡಿಗೂ ಹೆಚ್ಚು. ಮಶೆಟ್ ಕಾಯಿಲೆ ಬಿದ್ದು, ಸಾಲದಲ್ಲಿ ಮುಳುಗಿದ.

1866ರಲ್ಲಿ ಲಂಡನ್ನಿನ ಬೆಸೆಮರನ ಕಚೇರಿಗೆ ಹದಿನಾರು ವರ್ಷದ ಹುಡುಗಿಯೊಬ್ಬಳು ಒಬ್ಬಳೇ ಬಂದಳು. ಮೇರಿ ಮಶೆಟ್, ರಾಬರ್ಟನ ಮಗಳು. ನಿಮ್ಮ ಸಂಪತ್ತು ನಿಂತಿರುವುದು ನನ್ನ ತಂದೆಯ ಕೆಲಸದ ಮೇಲೆ ಎಂದು ಎದುರಿಗೇ ನಿಂತು ವಾದಿಸಿದಳು. ಕಾನೂನಿನ ಪ್ರಕಾರ ಬೆಸೆಮರ್ ಒಂದು ಕಾಸನ್ನೂ ಕೊಡಬೇಕಾಗಿರಲಿಲ್ಲ. ಆದರೆ ಅವನು ಮಶೆಟ್‌ಗೆ ವರ್ಷಕ್ಕೆ 300 ಪೌಂಡ್ ಕೊಡಲು ಒಪ್ಪಿದ. 1891ರಲ್ಲಿ ಮಶೆಟ್ ಸಾಯುವವರೆಗೂ ಕೊಟ್ಟ. ಇದು ಉದಾರತೆಯೋ, ಮುಂದೆ ತಕರಾರು ಬಾರದಿರಲಿ ಎಂಬ ಜಾಣತನವೋ ಎಂಬ ಚರ್ಚೆ ಇದೆ. ಎರಡೂ ಇರಬಹುದು ಎಂದು ನನ್ನ ಎಣಿಕೆ. ತಾನೇ ಒಂದು ಕಾಲದಲ್ಲಿ ಪೇಟೆಂಟಿಲ್ಲದೆ, ಹಕ್ಕಿಲ್ಲದೆ ಸ್ಟಾಂಪ್ ಕಚೇರಿಯಿಂದ ಬರಿಗೈಯಲ್ಲಿ ವಾಪಸಾದವನು ಅಲ್ಲವೇ? ಆ ಹುಡುಗಿಯ ಎದುರು ಕೂತಾಗ ಅದು ನೆನಪಾಗದೆ ಇದ್ದೀತೇ? ಆದರೂ ಹತ್ತು ಲಕ್ಷದ ಮುಂದೆ 300 ಎಷ್ಟು ಎಂಬ ಲೆಕ್ಕವನ್ನು ನಾನು ಪ್ರತಿ ಸಲ ಹಾಕುತ್ತೇನೆ. ಮೀಟಿಂಗಿನಲ್ಲಿ ತಾನು ಹೇಳಿದ್ದನ್ನೇ ಹತ್ತು ನಿಮಿಷದ ನಂತರ ಇನ್ನೊಬ್ಬರು ಹೇಳಿ ಶಭಾಷ್ ಅನ್ನಿಸಿಕೊಳ್ಳುವುದನ್ನು ನೋಡಿದ ಯಾವ ಹೆಣ್ಣುಮಗಳೂ ಈ ಲೆಕ್ಕ ಹಾಕದೆ ಇರಲಾರಳು.

ಎಲ್ಲವೂ ಗೆಲುವಾಗಲಿಲ್ಲ. ಸಮುದ್ರ ಪ್ರಯಾಣದಲ್ಲಿ ತನಗೆ ವಿಪರೀತ ವಾಂತಿಯಾಗುತ್ತದೆಂದು, ಹಡಗು ಎಷ್ಟೇ ಓಲಾಡಿದರೂ ಸಮತಟ್ಟಾಗಿ ನಿಲ್ಲುವ ತೂಗುಕೋಣೆಯಿದ್ದ ಹಡಗನ್ನೇ ಕಟ್ಟಿಸಿದ. 1875ರಲ್ಲಿ ಅದು ಕ್ಯಾಲೆ ಬಂದರಿನ ಕಟ್ಟೆಗೆ ಗುದ್ದಿತು, ಅಲ್ಲಿಗೆ ಅದರ ಕಥೆ ಮುಗಿಯಿತು.

1878ರಲ್ಲಿ, ಅರವತ್ತೈದು ದಾಟಿದ ಮೇಲೆ, ಬೆಸೆಮರ್ ಹಳೆಯ ಮುನಿಸನ್ನು ಹೊರತೆಗೆದ. ಸ್ಟಾಂಪಿನ ಉಪಕಾರವನ್ನು ಸರ್ಕಾರಕ್ಕೆ ಬಹಿರಂಗವಾಗಿ ನೆನಪಿಸಿದ. ಹಣ ಕೇಳಲಿಲ್ಲ, ಹಣ ಅವನಲ್ಲಿ ಬೇಕಾದಷ್ಟಿತ್ತು. ಸರ್ಕಾರ ಒಪ್ಪಿಕೊಂಡು 1879ರಲ್ಲಿ ಅವನಿಗೆ ಸರ್ ಪದವಿ ಕೊಟ್ಟಿತು. ಜನ ಇಂದಿಗೂ ಅದು ಉಕ್ಕಿಗಾಗಿ ಸಿಕ್ಕಿದ್ದು ಎಂದುಕೊಳ್ಳುತ್ತಾರೆ. ಅಲ್ಲ, ಅದು ಸ್ಟಾಂಪಿಗಾಗಿ. ಆನ್ ಕೇಳಿಸಿಕೊಂಡು ಸುಮ್ಮನೆ ಹೇಳಿದ ಆ ತಾರೀಖಿಗಾಗಿ. ಆಕೆ ಲೇಡಿ ಬೆಸೆಮರ್ ಆದಳು. ಗಂಡನ ಪದವಿಯಿಂದ ಹೆಂಡತಿಗೆ ಬಂದ ಗೌರವ ಎಂದು ಅದನ್ನು ಬರೆದುಕೊಳ್ಳುವುದು ರೂಢಿ. ಈ ಮನೆಯ ಮಟ್ಟಿಗೆ ಅದು ಬಂದದ್ದು ಉಲ್ಟಾ ದಿಕ್ಕಿನಿಂದ.

ಕೊನೆಯ ವರ್ಷಗಳಲ್ಲಿ ಲಂಡನ್ನಿನ ಡೆನ್‌ಮಾರ್ಕ್ ಹಿಲ್‌ನ ಮನೆಯಲ್ಲಿ ಬೆಸೆಮರ್ ಮತ್ತೆ ಗಾಜಿಗೂ ಸಾಣೆಗೂ ಮರಳಿದ. ಅಂಗಳದಲ್ಲಿ ದೊಡ್ಡ ದೂರದರ್ಶಕ ಕಟ್ಟಿಸಲು ಹೊರಟ. ಮೊಮ್ಮಗನಿಗಾಗಿ ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆಯೊಂದಕ್ಕೆ ಯಂತ್ರಗಳನ್ನು ಅಣಿಮಾಡಿದ. 1897ರಲ್ಲಿ ಆನ್ ತೀರಿಕೊಂಡಳು. ಅರವತ್ತಮೂರು ವರ್ಷದ ದಾಂಪತ್ಯ. 1898ರ ಮಾರ್ಚ್ 15ರಂದು ಬೆಸೆಮರ್ ಹೋದ. ಅವನ ಆತ್ಮಕಥೆ 1905ರಲ್ಲಿ ಅಚ್ಚಾಯಿತು, ಅವನು ಮುಗಿಸದೆ ಬಿಟ್ಟ ಕೊನೆಯ ಅಧ್ಯಾಯವನ್ನು ಮಗ ಬರೆದು ಸೇರಿಸಿದ. ಕಂಚಿನ ಪುಡಿ, ಗಾಜು, ಉಕ್ಕು, ಹಡಗು, ಎಲ್ಲವೂ ಅದರಲ್ಲಿದೆ. ತಾರೀಖಿನ ಉಪಾಯ ತನ್ನದಲ್ಲ, ತಾನು ಮದುವೆಯಾಗಲಿದ್ದ ಹುಡುಗಿಯದು ಎಂಬುದನ್ನೂ ಅವನೇ ಅಲ್ಲಿ ಬರೆದಿಟ್ಟಿದ್ದಾನೆ.